ಇಡೀ ಇಟ್ಟಿಗೆ

೩, ಟ್ಯಾಪ್ಸೆಲ್ ಸಾಲು, ಮಾರ್ಲ್‌ಡನ್
೨೦ ಜೂನ್ ೧೯೭೬

ಅಮ್ಮ,

ನನ್ನ ಕೋಣೆಯ ಗೋಡೆ ಪೊಳ್ಳು. ಇದು ನನಗೆ ಚಿಕ್ಕಂದಿನಿಂದ ಗೊತ್ತು, ನಿನಗೆ ಹೇಳಿರಲಿಲ್ಲ. ದಡಾರ ಬಂದು ಮಲಗಿದ್ದೆನಲ್ಲ, ಆಗ ಬೇಸರಕ್ಕೆ ಬೆರಳ ಗೆಣ್ಣಿನಿಂದ ಬೀದಿ ಕಡೆಯ ಗೋಡೆಯನ್ನು ಕುಟ್ಟುತ್ತಿದ್ದೆ. ಕಾಲ ಕಡೆ ಕುಟ್ಟಿದರೆ ಗೋಡೆ ಸುಮ್ಮನಿರುತ್ತಿತ್ತು. ತಲೆಯ ಕಡೆ, ಮೆಟ್ಟಿಲಿಗೆ ಹತ್ತಿರ, ಖಾಲಿ ಡಬ್ಬದ ಸದ್ದು ಬರುತ್ತಿತ್ತು. ಅಪ್ಪನನ್ನು ಕರೆದು ಕೇಳಿಸಿದ್ದೆ. ಅವನು ಕಿವಿಯಿಟ್ಟು ಬಹಳ ಹೊತ್ತು ಕೇಳಿ, "ಇಲಿ ಕಣೇ, ಮಲಕ್ಕೋ" ಅಂದಿದ್ದ. ಇಲಿ ಅಂದರೆ ಓಡಾಡಬೇಕಲ್ಲ. ಈ ಸದ್ದು ನಾನು ಕುಟ್ಟಿದಾಗ ಮಾತ್ರ ಬರುತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡೆ. ಈ ಊರಲ್ಲಿ ಟ್ಯಾಪ್ಸೆಲ್ ಹೆಸರಿನ ಹುಡುಗಿ ತನ್ನ ಮುತ್ತಜ್ಜ ಕಟ್ಟಿಸಿದ ಟ್ಯಾಪ್ಸೆಲ್ ಗೋಡೆ ಪೊಳ್ಳು ಅಂದರೆ ಯಾರು ನಂಬುತ್ತಾರೆ?

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೊನ್ನೆ ಶನಿವಾರ ಪೆನಿಫೋಲ್ಡ್ ಮೇಷ್ಟ್ರು ಅಳತೆಪಟ್ಟಿ ಹಿಡಿದು ನಮ್ಮ ಮನೆ ಮುಂದೆ ನಿಂತಿದ್ದರು. ಬೇಕರಿಯಿಂದ ಬಂದು ನೋಡುತ್ತೇನೆ, ಕಿಟಕಿಯ ಕಮಾನು, ಬಾಗಿಲು, ಮೆಟ್ಟಿಲ ಕಿಂಡಿ ಎಲ್ಲ ಅಳೆದು ಮುಗಿಸಿದ್ದಾರೆ. ದನದ ಸಂತೆಯಲ್ಲಿ ಕೊಳ್ಳುವವನು ಹಸುವಿನ ಬೆನ್ನು ಸವರುತ್ತಾನಲ್ಲ, ಹಾಗೆ ಇಟ್ಟಿಗೆ ಸವರುತ್ತಿದ್ದರು. ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿದರು. ಯಾಕೆ ಎಂದೆ. ನಕ್ಕರು. ನಾನು ಶಾಲೆಯಲ್ಲಿದ್ದಾಗಲೂ ಅವರ ಆ ನಗು ನನಗೆ ಆಗುತ್ತಿರಲಿಲ್ಲ.

ಪಕ್ಕದ ಡೋರ್ಕಸ್ ಅಜ್ಜಿಗೆ ಹೇಳಿದರೆ ಅವಳು ಬೇಲಿ ಮೇಲೆ ಮೊಣಕೈ ಊರಿ, "ಮೇಷ್ಟ್ರಿಗೆ ನಿನ್ನ ಮೇಲೆ ಮನಸ್ಸಿಲ್ಲ ಮರಿ, ನಿಮ್ಮ ಗೋಡೆ ಮೇಲಿದೆ" ಅಂದಳು.

ಮಳೆ ಇಲ್ಲದೆ ಜೇಡಿನೆಲ ಬಾಯಿ ಬಿಟ್ಟಿದೆ. ಮೆಟ್ಟಿಲ ಕಿಂಡಿಯ ಕೆಳಗೆ ಗೋಡೆ ಬೀದಿಯ ಕಡೆ ಸ್ವಲ್ಪ ಉಬ್ಬಿದೆ. ಮೇಷ್ಟ್ರು ಅದನ್ನು ನೋಡಿರುತ್ತಾರೆ. ಗೋಡೆ ಬೀಳುತ್ತದೆ ಎಂದು ನಿನ್ನನ್ನು ಹೆದರಿಸಿ, ಮನೆಯನ್ನು ಕಡಲೆಪುರಿ ಬೆಲೆಗೆ ಹೊಡೆದುಕೊಳ್ಳುವ ಸಂಚು ಎಂದು ನನ್ನ ಅನುಮಾನ. ಮಾರುವ ಮಾತೇನಾದರೂ ಇದೆಯೇ? ಇದ್ದರೆ ಡೋರ್ಕಸ್ ಅಜ್ಜಿಗಿಂತ ಮೊದಲು ನನಗೆ ಹೇಳು.

ನಿನ್ನ
ರೋಡಾ


ಸ್ಯಾಂಡ್‌ಹೇವನ್
೧ ಜುಲೈ

ರೋಡಾ,

ನಿನ್ನ ಕಾಗದ ಬಂತು. ಮೇವಿಸ್ ಚಿಕ್ಕಮ್ಮನ ಸೊಂಟ ಈಗ ಪರವಾಗಿಲ್ಲ, ಊರುಗೋಲು ಹಿಡಿದು ಅಡುಗೆಮನೆಯವರೆಗೆ ಬರುತ್ತಾಳೆ. ವಸತಿಮನೆಯಲ್ಲಿ ಎಲ್ಲ ಕೋಣೆಗಳೂ ಭರ್ತಿ. ಈ ಬಿಸಿಲಿಗೆ ಇಡೀ ಇಂಗ್ಲೆಂಡೇ ಕಡಲಿಗೆ ಬಂದು ಬಿದ್ದಹಾಗಿದೆ. ದಿನವಿಡೀ ಹಾಸಿಗೆ ಹಾಸುವುದು, ಹೊದಿಕೆ ಒಗೆಯುವುದು.

ಮಾರುವ ಯೋಚನೆ ಇದೆ. ಮೇವಿಸ್ ನನ್ನನ್ನು ಪಾಲಿಗೆ ಸೇರಿಸಿಕೊಳ್ಳುತ್ತೇನೆ ಎಂದಿದ್ದಾಳೆ. ಮಹಡಿಯಲ್ಲಿ ಕಡಲಿಗೆ ಮುಖ ಮಾಡಿದ ಕೋಣೆಯೊಂದಿದೆ, ನನಗೇ ಅಂತೆ. ನೀನು ಬರುವುದಾದರೆ ಪಕ್ಕದಲ್ಲಿ ಇನ್ನೊಂದು ಮಂಚ ಹಿಡಿಯುತ್ತದೆ. ಪೆನಿಫೋಲ್ಡ್ ಒಳ್ಳೆಯ ಮನುಷ್ಯ. ಅವರು ಸುತ್ತಮುತ್ತ ಓಡಾಡಲಿ, ನೀನು ಅಡ್ಡ ಬರಬೇಡ. ಹಳೆಯ ಮನೆ ಎಂದ ಮೇಲೆ ಗೋಡೆ ಸದ್ದು ಮಾಡುತ್ತದೆ.

ಹುರುಳಿಕಾಯಿ ಬಳ್ಳಿಗೆ ಪಾತ್ರೆ ತೊಳೆದ ನೀರು ಹಾಕು. ಮೆಟ್ಟಿಲ ಮೇಲಿನ ಕನ್ನಡಿಯನ್ನು ಒರೆಸುವ ನೆಪದಲ್ಲಿ ಕೆಳಗಿಳಿಸಬೇಡ. ನಿಮ್ಮಪ್ಪ ಹಾಕಿದ್ದು, ಮೊಳೆ ಸಡಿಲ.

ಅಮ್ಮ


ಮಾರ್ಲ್‌ಡನ್
೧೧ ಜುಲೈ

ಅಮ್ಮ,

ಕನ್ನಡಿಯ ಸುದ್ದಿ ನಾನು ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನಿನ್ನೂ ಕಳ್ಳ ಎಂದು ಕೂಗಿಯೇ ಇಲ್ಲ. ಕನ್ನಡಿ ಮುಟ್ಟಿಲ್ಲ, ಹೆದರಬೇಡ. ಆದರೆ ಮೆಟ್ಟಿಲು ಹತ್ತುವಾಗಲೆಲ್ಲ ಬೀದಿ ಕಡೆಯ ಗೋಡೆಯಿಂದ ಅದು ನನ್ನನ್ನು ನೋಡುತ್ತದೆ, ನಾನು ಅದನ್ನು ನೋಡುತ್ತೇನೆ.

ಗುರುವಾರ ಮೇಷ್ಟ್ರು ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದರು, ನಮ್ಮನ್ನು ಕರೆತರುತ್ತಿದ್ದ ಹಾಗೆಯೇ. ನಾನು ಒಳಗೆ ಪರದೆಯ ಹಿಂದೆ ನಿಂತು ಕೇಳಿದೆ. ಅದೇ ಪಾಠ. ಕ್ಯಾಲೆಬ್ ಟ್ಯಾಪ್ಸೆಲ್ ತನ್ನ ಗೂಡಿನಲ್ಲಿ ಸುಟ್ಟ ಇಟ್ಟಿಗೆಯಿಂದ ತನ್ನ ಕೆಲಸಗಾರರಿಗೆ ಈ ಎಂಟು ಮನೆ ಕಟ್ಟಿಸಿದ. ಮಣ್ಣು ತೆಗೆದ ಗುಂಡಿಯೇ ಈಗಿನ ಕೊಳ. ನೋಡಿ ಮಕ್ಕಳೇ, ಒಂದು ಇಟ್ಟಿಗೆ ಉದ್ದಕ್ಕೆ ಮಲಗಿದೆ, ಪಕ್ಕದ್ದರ ತಲೆ ಮಾತ್ರ ಕಾಣುತ್ತಿದೆ. ಮತ್ತೆ ಉದ್ದ, ಮತ್ತೆ ತಲೆ. ಈ ತಲೆ ಇಟ್ಟಿಗೆ ಗೋಡೆಯ ಒಳಗೆ ಹಾದು ಹೊರಪದರವನ್ನೂ ಒಳಪದರವನ್ನೂ ಸೇರಿಸಿ ಹಿಡಿಯುತ್ತದೆ, ಇಬ್ಬರು ಕೈ ಹಿಡಿದು ನಿಂತ ಹಾಗೆ. ಅದಕ್ಕೇ ನಮ್ಮೂರಲ್ಲಿ ಮಾತು ಕೊಟ್ಟು ಕೈ ಕುಲುಕುವಾಗ "ಇಡೀ ಇಟ್ಟಿಗೆ" ಅನ್ನುವುದು. ಮಕ್ಕಳೆಲ್ಲ ಒಬ್ಬರ ಕೈ ಒಬ್ಬರು ಕುಲುಕಿ ಇಡೀ ಇಟ್ಟಿಗೆ, ಇಡೀ ಇಟ್ಟಿಗೆ ಎಂದು ಕಿರುಚಿದರು. ಅಪ್ಪ ಬದುಕಿದ್ದಾಗ ಅಂಚೆ ಹಂಚಲು ಹೋಗುವ ಮುಂಚೆ ನಿನಗೆ ಅನ್ನುತ್ತಿದ್ದನಲ್ಲ, "ಊಟದ ಹೊತ್ತಿಗೆ ಬರ್ತೀನಿ, ಇಡೀ ಇಟ್ಟಿಗೆ" ಎಂದು. ಅದು ನೆನಪಾಯಿತು.

ಮಕ್ಕಳನ್ನು ಕಳಿಸಿ ಮೇಷ್ಟ್ರು ಬಾಗಿಲು ತಟ್ಟಿದರು. ಚಹಾ ಕೊಟ್ಟೆ, ಬಿಸ್ಕತ್ತು ಕೊಡಲಿಲ್ಲ. ನಮ್ಮಮ್ಮನಿಗೆ ಎಷ್ಟು ಕಡಿಮೆ ಹೇಳಿದ್ದೀರಿ ಎಂದು ನೇರವಾಗಿ ಕೇಳಿದೆ. ಅವರ ಕಿವಿ ಕೆಂಪಾಯಿತು. ಅಮ್ಮ ಕೇಳಿದ ಬೆಲೆಗೆ ಒಂದು ಕಾಸೂ ಕಡಿಮೆ ಮಾಡದೆ ಒಪ್ಪಿದ್ದೇನೆ ಎಂದರು. ಉಬ್ಬಿದ ಗೋಡೆಯ ಬಗ್ಗೆ ಕೇಳಿದೆ. ಹಳೆಯ ಗೋಡೆಗೆ ಸ್ವಲ್ಪ ಹೊಟ್ಟೆ ಬರುವುದು ಸಹಜ, ಇಡೀ ಇಟ್ಟಿಗೆಯ ಗೋಡೆ, ಇನ್ನೂ ನೂರು ವರ್ಷ ನಿಲ್ಲುತ್ತದೆ ಎಂದರು.

ಇದೇ ನನಗೆ ಅರ್ಥವಾಗುವುದಿಲ್ಲ. ಮೋಸ ಮಾಡುವವನು ಗೋಡೆಯನ್ನು ಹೊಗಳುವುದಿಲ್ಲ.

ಈಗ ಅವರಿರುವುದು ಕಬ್ಬಿಣದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಹೆಂಡತಿ ಏಳು ತಿಂಗಳ ಬಸುರಿ. ತೊಟ್ಟಿಲು ನನ್ನ ಕೋಣೆಯಲ್ಲಿ ಇಡುತ್ತಾರಂತೆ. ಸಂಜೆ ಬಿಸಿಲಿಗೆ ಬೀದಿ ಕಡೆಯ ಗೋಡೆ ಬೆಚ್ಚಗಿರುತ್ತದೆ, ಅದಕ್ಕೆ ಒತ್ತಿ, ಈಗ ನನ್ನ ದಿಂಬು ಇರುವ ಜಾಗದಲ್ಲೇ.

ಕನ್ನಡಿ ಯಾಕೆ ಇಳಿಸಬಾರದು? ಮೊಳೆಯ ಕಥೆ ಬೇಡ. ಮೊಳೆಯನ್ನು ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿದೆ.

ನಿನ್ನ
ರೋಡಾ


ಮಾರ್ಲ್‌ಡನ್
೨ ಆಗಸ್ಟ್

ಅಮ್ಮ,

ನೀನು ಉತ್ತರ ಬರೆಯಲಿಲ್ಲ. ನಾನು ಕನ್ನಡಿ ಇಳಿಸಿದೆ.

ಹಿಂದೆ ಗಾರೆಯ ತೇಪೆ ಇತ್ತು, ಅಡುಗೆಮನೆಯ ತಟ್ಟೆಯಷ್ಟು ಅಗಲ. ಸುತ್ತಲಿನ ಗಾರೆಗೆ ಹಳದಿ ಕೂತಿದೆ, ಅದು ಮಾತ್ರ ಬೆಳ್ಳಗಿದೆ. ಅಂಚಿನಲ್ಲಿ ಹೆಬ್ಬೆರಳಿನ ಗುರುತು. ಅಪ್ಪನ ಹೆಬ್ಬೆರಳಿಗೆ ನಡುವೆ ಗಾಯದ ಗೆರೆ ಇತ್ತಲ್ಲ, ಆ ಗೆರೆ ಗಾರೆಯಲ್ಲಿ ಇದೆ. ಅದನ್ನು ಬಿಟ್ಟು ಪಕ್ಕದಿಂದ ಕೆರೆದೆ. ಒಳಗಿನ ಇಟ್ಟಿಗೆ ಒಂದು ಸಡಿಲವಾಗಿತ್ತು, ಯಾರೋ ಮೊದಲೇ ತೆಗೆದು ಇಟ್ಟಹಾಗೆ. ಎಳೆದೆ, ಬಂತು.

ಕೈ ಹಾಕಿದೆ ಅಮ್ಮ. ಒಳಪದರಕ್ಕೂ ಹೊರಪದರಕ್ಕೂ ನಡುವೆ ನನ್ನ ಅಂಗೈ ಹೋಗುವಷ್ಟು ಸಂದು. ತಣ್ಣಗಿನ ಗಾಳಿ. ಬೆರಳಿನಿಂದ ತಡವಿ ನೋಡಿದೆ, ದೀಪ ಹಿಡಿದೂ ನೋಡಿದೆ. ಬೀದಿಯಿಂದ ನೋಡಿದರೆ ಕಾಣುವ ಆ ತಲೆ ಇಟ್ಟಿಗೆಗಳು ಒಳಗೆ ಬಂದೇ ಇಲ್ಲ. ಎಲ್ಲ ಅರ್ಧಕ್ಕೆ ಮುರಿದವು. ಮುರಿದ ಕಡೆ ಒಳಕ್ಕೆ, ನಯವಾದ ತಲೆ ಬೀದಿಗೆ. ಒಂದು ಇಟ್ಟಿಗೆ ಮುರಿದು ಎರಡು ತಲೆ ಮಾಡಿದ್ದಾನೆ ಮುತ್ತಜ್ಜ ಕ್ಯಾಲೆಬ್. ಎರಡು ಪದರವನ್ನು ಹಿಡಿದಿರುವುದು ಯಾವುದೂ ಇಲ್ಲ. ಅಕ್ಕಪಕ್ಕ ನಿಂತ ಎರಡು ತೆಳು ಗೋಡೆ ಅಷ್ಟೇ, ಅದರಲ್ಲಿ ಹೊರಗಿನದು ಈಗ ಬೀದಿಗೆ ಹೊರಟಿದೆ.

ಮೇಷ್ಟ್ರ ಮೇಲೆ ಅನುಮಾನಪಟ್ಟು ತಿಂಗಳು ಕಳೆದೆ. ಅವರಿಗೆ ಏನೂ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿತ್ತು. ಇಲಿ ಅಂದ.

ನಿನಗೆ ಗೊತ್ತಿತ್ತೇ? ಇಡೀ ಇಟ್ಟಿಗೆ ಎಂದು ಹೇಳಿ ಉತ್ತರ ಕೊಡು.

ರೋಡಾ


ಸ್ಯಾಂಡ್‌ಹೇವನ್
೮ ಆಗಸ್ಟ್

ರೋಡಾ,

ಗೊತ್ತಿತ್ತು.

ಮೆಟ್ಟಿಲ ಮೇಲೆ ಗೋಡೆಯಲ್ಲಿ ನನಗೊಂದು ಗೂಡು ಮಾಡಿಕೊಡುತ್ತೇನೆ ಎಂದು ನಿಮ್ಮಪ್ಪ ಗಾರೆ ಕಿತ್ತ. ನೀನಾಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಇಟ್ಟಿಗೆ ತೆಗೆದು ಕೈ ಹಾಕಿದವನು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟ. ತನ್ನಜ್ಜನ ಹೆಸರು ಹೇಳಿಕೊಂಡು ಬೆಳೆದವನು. ಯಾರಿಗೂ ಹೇಳುವುದು ಬೇಡ ಈನಿಡ್, ಎಂಟು ಮನೆಯವರೂ ಬೀದಿಗೆ ಬರುತ್ತಾರೆ ಅಂದ. ಆಮೇಲೆ ಗಾರೆ ಮೆತ್ತಿ ಕನ್ನಡಿ ತಂದು ಹಾಕಿದ. ನನಗೆ ಆ ಗೂಡು ಸಿಗಲಿಲ್ಲ. ಕೇಳಲೂ ಇಲ್ಲ.

ಈಗ ನನ್ನ ಮಾತು ಕೇಳು. ಆ ಗೋಡೆ ನೂರು ವರ್ಷ ನಿಂತಿದೆ. ನಾನು ಪೆನಿಫೋಲ್ಡ್‌ಗೆ ಒಂದು ಸುಳ್ಳೂ ಹೇಳಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಓದಿದವರು, ಕಣ್ಣಾರೆ ನೋಡಿ, ಅಳೆದು, ಸವರಿ ಕೊಳ್ಳುತ್ತಿದ್ದಾರೆ. ಸೆಪ್ಟೆಂಬರ್ ಕೊನೆಗೆ, ಮೈಕೆಲ್‌ಮಸ್ ಹಬ್ಬದ ದಿನ ಸಹಿ. ಅಲ್ಲಿಯವರೆಗೆ ಸುಮ್ಮನಿದ್ದರೆ ಸಾಕು.

ಮದುವೆಯಾದಾಗಿನಿಂದ ಇನ್ನೊಬ್ಬರ ಹೊದಿಕೆ ಒಗೆದಿದ್ದೇನೆ. ಆ ಮನೆಯ ಕಿಟಕಿಯಿಂದ ಎದುರು ಮನೆಯ ಕಿಟಕಿ ಬಿಟ್ಟು ಬೇರೇನೂ ಕಾಣಲಿಲ್ಲ. ಇಲ್ಲಿ ಬೆಳಿಗ್ಗೆ ಎದ್ದರೆ ನೀರು ಕಾಣುತ್ತದೆ. ಇದನ್ನು ನನ್ನಿಂದ ಕಿತ್ತುಕೊಳ್ಳಬೇಡ.

ಇಟ್ಟಿಗೆಯನ್ನು ಇದ್ದಲ್ಲಿ ಇಡು. ಕನ್ನಡಿ ಹಾಕು.

ಅಮ್ಮ


ಮಾರ್ಲ್‌ಡನ್
೨೨ ಆಗಸ್ಟ್

ಅಮ್ಮ,

ಕನ್ನಡಿ ಹಾಕಿದೆ. ಅದರ ಎದುರು ನಿಂತು ಸುಮ್ಮನಿರುವುದನ್ನು ಅಭ್ಯಾಸ ಮಾಡಿದೆ. ಬೇಕರಿಗೆ ಮೇಷ್ಟ್ರ ಹೆಂಡತಿ ಬಂದರು, ಹೊಟ್ಟೆ ಹೊತ್ತುಕೊಂಡು, ಬಿಸಿಲಿಗೆ ಏದುಸಿರು ಬಿಡುತ್ತಾ. ಬೀದಿ ಕಡೆಯ ಕೋಣೆಗೆ ಯಾವ ಬಣ್ಣ ಚೆನ್ನ ಎಂದು ನನ್ನನ್ನೇ ಕೇಳಿದರು. ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಅವತ್ತು ಸಂಜೆಯೇ ಮೇಷ್ಟ್ರ ಮನೆಗೆ ಹೋಗಿ ಹೇಳಿಬಿಟ್ಟೆ.

ನಿನ್ನ ಕೋಣೆ ನನ್ನ ಕಣ್ಣಮುಂದೆ ಇತ್ತು, ಕಡಲೂ ಇತ್ತು. ಇಲ್ಲ ಅನ್ನುವುದಿಲ್ಲ. ಆದರೆ ತೊಟ್ಟಿಲೂ ಇತ್ತು.

ಅವರು ನಂಬಲಿಲ್ಲ. "ರೋಡಾ, ತಲೆ ಇಟ್ಟಿಗೆ ಕಣ್ಣಿಗೆ ಕಾಣ್ತಾ ಇದೆಯಲ್ಲಮ್ಮ" ಅಂದರು, ನಾನಿನ್ನೂ ಕೊನೆ ಬೆಂಚಿನಲ್ಲಿ ಕೂತಿದ್ದೇನೆ ಎಂಬ ಹಾಗೆ.

"ತಲೆ ಕಾಣುತ್ತೆ ಸರ್. ಹಿಂದೆ ಮೈ ಇದೆ ಅಂತ ಯಾರು ಹೇಳಿದ್ರು?"

ಬಂದು ಕೈ ಹಾಕಿ ನೋಡಿ ಎಂದು ಕರೆದೆ. ಬರಲಿಲ್ಲ. ಅವರ ಮುಖದಲ್ಲಿ ಕೋಪ ಇರಲಿಲ್ಲ, ಕನಿಕರ ಇತ್ತು. ಆಮೇಲೆ ಹೇಳಿದರು. ನೀನು ಕೆಳಗಿನ ಕಬ್ಬಿಣದಂಗಡಿಯ ಫೋನಿಗೆ ಮಾತಾಡಿದ್ದೀಯಂತೆ. ಮಗಳಿಗೆ ಮನೆಯ ಮೇಲೆ ಬಹಳ ಮೋಹ, ಮಾರುವುದನ್ನು ತಪ್ಪಿಸಲು ಏನಾದರೂ ಕಥೆ ಕಟ್ಟಿಕೊಂಡು ಬಂದಾಳು, ಒಂದು ಕೆಲಸದಲ್ಲಿ ನಿಲ್ಲದ ಹುಡುಗಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆಯಂತೆ.

ಒಂದು ಕೆಲಸದಲ್ಲಿ ನಿಲ್ಲುವುದಿಲ್ಲ, ನಿಜ. ಶಾಲೆಯಲ್ಲೂ ನಿಲ್ಲಲಿಲ್ಲ. ಆದರೆ ಕಥೆ ಕಟ್ಟುವುದು ನನಗೆ ಯಾವಾಗ ಬಂತು? ಬೇಲಿ ಮುರಿದಾಗ, ಪಿಂಗಾಣಿ ಪಾತ್ರೆ ಒಡೆದಾಗ, ನಾನೇ ಬಂದು ಹೇಳಿ ನಿನ್ನ ಕೈಯಿಂದ ಏಟು ತಿಂದವಳು ನಾನು.

ನೀನು ಹಾಗೆ ಫೋನ್ ಮಾಡಿದ್ದು ನಿಜವೇ? ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆ ಎಂದು ನಂಬಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ರೋಡಾ


ಸ್ಯಾಂಡ್‌ಹೇವನ್
೩೦ ಆಗಸ್ಟ್

ಹೌದು.

ಇಲ್ಲಿ ಮಳೆ ಬಂತು.

ಈನಿಡ್ ಟ್ಯಾಪ್ಸೆಲ್


ಮಾರ್ಲ್‌ಡನ್
೧೨ ಸೆಪ್ಟೆಂಬರ್

ಅಮ್ಮ,

ನೀನು ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದನ್ನು ಮೊದಲ ಸಲ ನೋಡಿದೆ. ಅಕ್ಷರ ಚೆನ್ನಾಗಿದೆ.

ಇಲ್ಲಿಯೂ ಮಳೆ ಬಂತು. ನೆಲ ನೀರು ಕುಡಿದು ಹಿಗ್ಗಿತು. ಗೋಡೆಯ ಹೊಟ್ಟೆ ಇನ್ನಷ್ಟು ಮುಂದೆ ಬಂತು. ಕಿಂಡಿಯ ಕೆಳಗೆ ಗಾರೆ ಉದುರಿ, ಒಂದು ತಲೆ ಇಟ್ಟಿಗೆಯ ಸುತ್ತ ಬೆರಳು ಹೋಗುವಷ್ಟು ಸಂದಾಯಿತು. ಹೋದ ಭಾನುವಾರ, ಎಲ್ಲರೂ ಚರ್ಚಿನಿಂದ ಬರುವ ಹೊತ್ತು, ನಾನು ಅಪ್ಪನ ಉಳಿ ತಗೊಂಡು ಬೀದಿಯಲ್ಲಿ ಏಣಿ ಹಾಕಿದೆ. ಕದ್ದು ಮಾಡುವ ಕೆಲಸವಲ್ಲ ಎಂದು ಅನ್ನಿಸಿತು.

ಇಡೀ ಸಾಲು ಬಾಗಿಲಿಗೆ ಬಂದು ನಿಂತಿತು. ಡೋರ್ಕಸ್ ಅಜ್ಜಿ ಮಾತ್ರ ಏಣಿಯ ಬುಡಕ್ಕೆ ಬಂದಳು. "ಇಳಿ ಮರಿ. ನಿಮ್ಮದೊಂದೇ ಮನೆಯ ಬಟ್ಟೆ ಬಿಚ್ತಾ ಇಲ್ಲ ನೀನು" ಅಂದಳು. ಅವಳ ದನಿಯಲ್ಲಿ ಆಶ್ಚರ್ಯ ಇರಲಿಲ್ಲ. ಅದನ್ನು ಕೇಳಿ ನನ್ನ ಕೈ ನಿಂತಿತು.

"ನಿಮಗೂ ಗೊತ್ತಿತ್ತಾ ಅಜ್ಜಿ?"

"ಈ ಮನೆಗೆ ಸೊಸೆಯಾಗಿ ಬಂದ ವಾರಕ್ಕೇ ಗೊತ್ತಾಯ್ತು, ಗಂಡ ಗೋಡೆಗೆ ಗುದ್ದಿದಾಗ. ಈ ಊರಿನವರು ಮಾತು ಮಾತಿಗೆ ಇಡೀ ಇಟ್ಟಿಗೆ ಅಂತಾರಲ್ಲ. ಇದ್ದಿದ್ರೆ ಯಾಕೆ ಅಷ್ಟು ಸಲ ಅನ್ನಬೇಕು?"

ಎದುರು ನಿಂತವರಲ್ಲಿ ಕೆಲವರು ನೆಲ ನೋಡಿದರು. ಯಾರಿಗೆ ಗೊತ್ತಿತ್ತು, ಯಾರಿಗೆ ಇರಲಿಲ್ಲ ಎಂದು ಈಗಲೂ ಹೇಳಲಾರೆ. ಇಷ್ಟು ದಿನ ಸಾಲಿನಲ್ಲಿ ಒಬ್ಬೊಬ್ಬರೂ ಪಕ್ಕದವರಿಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡು ಗೋಡೆಗೆ ಒರಗಿ ಬದುಕಿದ್ದಾರೆ, ಅಷ್ಟೇ.

ಎಳೆದೆ. ಹಲ್ಲು ಕಿತ್ತು ಬಂದ ಹಾಗೆ ಬಂತು. ಅರ್ಧ. ಮುರಿದ ಕಡೆ ಒರಟು, ಗಾರೆ ಕೂಡ ಸರಿಯಾಗಿ ಹಿಡಿದಿರಲಿಲ್ಲ.

ಅದನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ ಮೇಷ್ಟ್ರಿಗೆ ಕೊಟ್ಟೆ. ಅವರು ನಯವಾದ ಕಡೆ ನೋಡಿದರು, ತಿರುಗಿಸಿ ಮುರಿದ ಕಡೆ ನೋಡಿದರು, ಮತ್ತೆ ತಿರುಗಿಸಿದರು. "ನಿನ್ನನ್ನ ನಂಬಬೇಕಿತ್ತು" ಅಂದರು. ನಾನೂ ಅವರನ್ನು ನಂಬಿರಲಿಲ್ಲವಲ್ಲ. ಅವರ ಹೆಂಡತಿ ಒಂದೇ ಮಾತು ಕೇಳಿದರು, ಬೀಳುತ್ತದೆಯೇ ಎಂದು. ಗೊತ್ತಿಲ್ಲ ಎಂದೆ. ಅದೇ ನಿಜ.

ಮೇಷ್ಟ್ರು ಆಮೇಲೆ ಒಬ್ಬ ಗಾರೆ ಕೆಲಸದವನನ್ನು ಕರೆಸಿ ತೋರಿಸಿದರು. ಎರಡು ಪದರವನ್ನೂ ತೂರಿ ಕಬ್ಬಿಣದ ಸರಳು ಹಾಕಿ, ಬೀದಿ ಕಡೆ ಸರಳಿನ ತುದಿಗೆ ತಟ್ಟೆಯಂಥ ದೊಡ್ಡ ಬಿಲ್ಲೆ ಬಿಗಿದರೆ ನಿಲ್ಲುತ್ತದಂತೆ. ಬಿಲ್ಲೆ ಹೊರಗೆ ಎಲ್ಲರಿಗೂ ಕಾಣುತ್ತದೆ, ಮುಚ್ಚಲಾಗುವುದಿಲ್ಲ. ಕಂಡರೆ ಕಾಣಲಿ ಎಂದರು. ಮನೆ ತಗೊಳ್ಳುತ್ತಾರೆ, ಸರಳಿನ ಖರ್ಚು ಕಳೆದು. ನಿನಗೆ ಅವರೇ ಬರೆಯುತ್ತಾರೆ. ಕಡಿಮೆ ಬರುತ್ತದೆ ಅಮ್ಮ. ಎಷ್ಟು ಕಡಿಮೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಡೋರ್ಕಸ್ ಅಜ್ಜಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬೇಲಿ ಮೇಲೆ ಮೊಣಕೈ ಇಲ್ಲ.

ರೋಡಾ


ಸ್ಯಾಂಡ್‌ಹೇವನ್
೨೯ ಸೆಪ್ಟೆಂಬರ್, ಮೈಕೆಲ್‌ಮಸ್

ರೋಡಾ,

ಸಹಿ ಆಯಿತು. ಪೆನಿಫೋಲ್ಡ್ ಇಲ್ಲಿಗೇ ಬಂದಿದ್ದರು. ಮಗು ಹುಟ್ಟಿದೆಯಂತೆ, ಹೆಣ್ಣು. ನನ್ನ ಮುಖ ನೋಡಿ ಮಾತಾಡಿದರು, ನಾನು ಅವರ ಟೋಪಿ ನೋಡಿ ಮಾತಾಡಿದೆ.

ಕಡಲ ಕಡೆಯ ಕೋಣೆಯನ್ನು ಮೇವಿಸ್ ಬಾಡಿಗೆಯವರಿಗೇ ಇಟ್ಟುಕೊಳ್ಳುತ್ತಾಳೆ. ನಾನು ತಂದ ಪಾಲಿಗೆ ಹಿಂದಿನ ಕೋಣೆ. ಕಿಟಕಿಯಿಂದ ಒಣಗಲು ಹಾಕಿದ ಹೊದಿಕೆಗಳು ಕಾಣುತ್ತವೆ. ಗಾಳಿಗೆ ಅವು ಎದ್ದಾಗ ಸಂದಿನಲ್ಲಿ ಚೂರು ನೀರು ಕಾಣುತ್ತದೆ ಎಂದು ಮೇವಿಸ್ ಹೇಳುತ್ತಾಳೆ. ನನಗಿನ್ನೂ ಕಂಡಿಲ್ಲ. ಒಂದೇ ಮಂಚ ಹಿಡಿಯುತ್ತದೆ.

ನಿನಗೆ ಯಾಕೆ ಸುಮ್ಮನಿರಲಾಗಲಿಲ್ಲ ಎಂದು ಕೇಳಬೇಕೆಂದಿದ್ದೆ. ಬೇಡ.

ಚಳಿ ಬರುತ್ತಿದೆ. ನನ್ನ ಉಣ್ಣೆಯ ಕೋಟು ಅಡುಗೆಮನೆಯ ಬಾಗಿಲ ಹಿಂದೆ ಇದೆ. ತೋಳು ನಿನಗೆ ಉದ್ದವಾದೀತು, ಮಡಚಿಕೋ.

ಅಮ್ಮ


ಮಾರ್ಲ್‌ಡನ್
೪ ಅಕ್ಟೋಬರ್

ಅಮ್ಮ,

ಕೋಟು ಸಿಕ್ಕಿತು. ತೋಳು ಉದ್ದವಿಲ್ಲ, ಸರಿಯಾಗಿದೆ. ನೀನು ನನಗೆ ಕೋಟು ಹಾಕಿಸಿ ನೋಡಿ ಬಹಳ ದಿನವಾಯಿತು.

ಇದನ್ನು ನೀನು ಮನಸ್ಸು ಕರಗಿ ಕೊಟ್ಟೆಯೋ, ಇಲ್ಲ, ಒಂದೇ ಮಂಚದ ಕೋಣೆಗೆ ಬರಬೇಡ, ಬೇರೆಲ್ಲಾದರೂ ಬೆಚ್ಚಗಿರು ಎಂದು ಕೊಟ್ಟೆಯೋ ಎಂಬ ಅನುಮಾನ ನನಗಿದೆ. ಈ ಬೇಸಗೆಯಲ್ಲಿ ಅನುಮಾನ ಸಾಕಷ್ಟು ಪಟ್ಟಾಯಿತು. ಇದನ್ನು ಕುಟ್ಟಿ ನೋಡುವುದಿಲ್ಲ.

ಬೆಟ್ಟದ ಆಚೆ ಇನ್ನೂ ಕೈಯಲ್ಲಿ ಇಟ್ಟಿಗೆ ಅಚ್ಚು ಹಾಕುವ ಗೂಡು ಒಂದಿದೆ. ಹಸಿ ಇಟ್ಟಿಗೆ ಹೊರಲು ಆಳು ಬೇಕಂತೆ. ಹೆಸರು ಹೇಳಿದಾಗ ಮೇಸ್ತ್ರಿ ನಕ್ಕು, ಟ್ಯಾಪ್ಸೆಲ್ ಅಂದ ಮೇಲೆ ಇನ್ನೇನು ಕೇಳುವುದಿದೆ, ಬಾ ಎಂದ. ನಾನು ಅರ್ಧ ಇಟ್ಟಿಗೆಯ ಕಥೆ ಪೂರ್ತಿ ಹೇಳಿದೆ. ಅವನು ನಗು ನಿಲ್ಲಿಸಿ, ಆದರೂ ಬಾ ಎಂದ. ಎಷ್ಟು ದಿನ ನಿಲ್ಲುತ್ತೇನೋ ಗೊತ್ತಿಲ್ಲ.

ಕನ್ನಡಿಯನ್ನು ಡೋರ್ಕಸ್ ಅಜ್ಜಿಯ ಮನೆ ಬಾಗಿಲಿಗೆ ಒರಗಿಸಿ ಬಂದೆ. ಸಂಜೆ ನೋಡಿದರೆ ಒಳಗೆ ತಗೊಂಡಿದ್ದಳು. ಮಾತು ಇಲ್ಲ. ಮೇಷ್ಟ್ರು ನನ್ನ ಕೋಣೆಗೂ ಮೆಟ್ಟಿಲ ಗೋಡೆಗೂ ಹಳದಿ ಬಣ್ಣ ಬಳಿಸಿದ್ದಾರೆ. ಅಪ್ಪನ ಹೆಬ್ಬೆರಳಿನ ಗುರುತಿಗೆ ಬಳಿಯಬೇಡಿ ಎಂದು ಕೇಳಿಕೊಂಡೆ, ಸುತ್ತ ಬಿಟ್ಟಿದ್ದಾರೆ. ಬೀದಿ ಕಡೆ ಎರಡು ಕಬ್ಬಿಣದ ಬಿಲ್ಲೆ ಕೂತಿವೆ, ಕಪ್ಪಗೆ, ದೊಡ್ಡದಾಗಿ. ಕೆಳಗೆ ನಿಂತು ಗೋಡೆ ಕುಟ್ಟಿದೆ. ಸದ್ದು ಈಗಲೂ ಪೊಳ್ಳೇ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಬೆಟ್ಟದ ಆಚೆಗೆ ಹೊರಡುತ್ತೇನೆ.

ನಿನ್ನ
ರೋಡಾ